ಹೊಸ್ತಿಲು ಹೋಯಿತು, ಪಟ್ಟಿ ಬಂತು!

ನಡುಮನೆಯಲ್ಲಿ ನಿಂತು ಮಲಗುವ ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚಿ, ಅದರ ಬುಡವನ್ನೊಮ್ಮೆ ಬಗ್ಗಿ ನೋಡಿ. ನಡುಮನೆಯ ನೆಲ ಬಿಳಿಯದು, ಕೋಣೆಯ ನೆಲ ಕಂದು ಬಣ್ಣದ್ದು ಎಂದಿಟ್ಟುಕೊಳ್ಳಿ. ಮುಚ್ಚಿದ ಕದದಿಂದ ಈಚೆಗೆ, ಚೌಕಟ್ಟಿನ ಎರಡು ಕಂಬಗಳ ನಡುವೆ, ಬೆರಳಗಲದಷ್ಟು ಕಂದು ನೆಲ ಇಣುಕುತ್ತಿದೆಯೆ? ಬಹಳಷ್ಟು ಹೊಸ ಮನೆಗಳಲ್ಲಿ ಇಣುಕುತ್ತದೆ. ಅಂಗಿಯ ತೋಳಿನಿಂದ ಬನಿಯನ್ನು ಹೊರಬಂದ ಹಾಗೆ! ಲಕ್ಷಗಟ್ಟಲೆ ಹಣ ಸುರಿದು ನೆಲ ಹಾಸಿದವರ ಕಣ್ಣಿಗೆ ಇದು ಬೀಳುವುದು ಗೃಹಪ್ರವೇಶವೆಲ್ಲ ಮುಗಿದ ಮೇಲೆ. ಆಗ ಟೈಲ್ಸ್ ಕೆಲಸದವರು ಬಡಗಿಯತ್ತ ಬೆರಳು ತೋರಿಸುತ್ತಾರೆ, ಬಡಗಿ ಟೈಲ್ಸ್ ಕೆಲಸದವರತ್ತ.

ಎರಡು ಕೋಣೆಗಳ ನೆಲ ಬೇರೆಬೇರೆಯಾಗಿದ್ದರೆ ಅವು ಎಲ್ಲೋ ಒಂದು ಕಡೆ ಸೇರಲೇಬೇಕು. ಆ ಸೇರುವೆಯನ್ನು ಮುಚ್ಚಲು ಗ್ರಾನೈಟಿನದೋ, ಹಿತ್ತಾಳೆಯದೋ, ಅಲ್ಯೂಮಿನಿಯಮ್ಮಿನದೋ ಒಂದು ಪಟ್ಟಿ ಕೂರಿಸುತ್ತಾರೆ. ನಿಯಮ ಸರಳ: ಪಟ್ಟಿ ಮುಚ್ಚಿದ ಕದದ ಅಡಿಯಲ್ಲಿ ಅಡಗಿರಬೇಕು. ಆ ಕೋಣೆಯಲ್ಲಿ ನಿಂತವರಿಗೆ ಆ ನೆಲ, ಈ ಕಡೆ ನಿಂತವರಿಗೆ ಈ ನೆಲ ಮಾತ್ರ ಕಾಣಬೇಕು. ಇಷ್ಟು ಸರಳವಾದದ್ದು ತಪ್ಪುವುದೇಕೆ ಎಂದು ಕೇಳಿದರೆ ಉತ್ತರ ಶಾಲೆಯ ರೇಖಾಗಣಿತದಲ್ಲಿದೆ. ಆದರೆ ಈ ಪಟ್ಟಿಯ ವಿಷಯ ಬರಿಯ ಚಂದದ್ದಲ್ಲ. ಅಜ್ಜಿಯ ಕಾಲಿನ ಮೂಳೆಯ ಮಾತೂ ಅದರಲ್ಲಿ ಸೇರಿಕೊಂಡಿದೆ.

ಒಳಗೂ ಅಲ್ಲ, ಹೊರಗೂ ಅಲ್ಲ

ಹಳೆಯ ಮನೆಗಳಲ್ಲಿ ಈ ತೊಂದರೆಯೇ ಇರಲಿಲ್ಲ. ಬಾಗಿಲಿನ ಚೌಕಟ್ಟು ಎಂದರೆ ನಾಲ್ಕು ಕಡೆಯೂ ಮರ: ಎರಡು ಪಕ್ಕದವು, ಮೇಲೊಂದು, ಕೆಳಗೊಂದು. ಕೆಳಗಿನದೇ ಹೊಸ್ತಿಲು. ಪಕ್ಕದ ಎರಡು ಕಂಬಗಳು ಅತ್ತಿತ್ತ ಜರುಗದಂತೆ ಬಿಗಿಹಿಡಿಯುವುದು ಅದರ ಮೊದಲ ಕೆಲಸ. ಮಳೆನೀರು, ಚೇಳು, ಇಲಿಗಳನ್ನು ತಡೆಯುವುದು ಎರಡನೆಯದು. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ರಂಗೋಲಿ ಹಾಕಿಸಿಕೊಂಡು, ಹೊಸ ಸೊಸೆ ಸೇರಕ್ಕಿ ಒದ್ದು ಒಳಬರುವಾಗ ಸಾಕ್ಷಿಯಾಗಿ ಕೂರುವುದು ಆಮೇಲಿನ ಗೌರವ.

ಹಿರಣ್ಯಕಶಿಪುವಿನ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಮನೆಯ ಒಳಗೂ ಸಾವು ಬರಬಾರದು, ಹೊರಗೂ ಬರಬಾರದು ಎಂದು ವರ ಪಡೆದವನನ್ನು ನರಸಿಂಹ ಹೊಸ್ತಿಲ ಮೇಲೆ ಕೂತು ಮುಗಿಸಿದ. ಹೊಸ್ತಿಲು ಎರಡೂ ಕೋಣೆಗೆ ಸೇರದ ಜಾಗ. ಈ ನೆಲ ಅದರ ಈ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು, ಆ ನೆಲ ಆ ಪಕ್ಕಕ್ಕೆ. ಈ ಕಡೆ ಕಾವಿ ನೆಲ, ಆ ಕಡೆ ಶಹಾಬಾದ್ ಕಲ್ಲು ಇದ್ದರೂ ಜಗಳವಿರಲಿಲ್ಲ.

ಈಗ ಮನೆಯೊಳಗಿನ ಬಾಗಿಲುಗಳಿಗೆ ಕೆಳಗಿನ ಮರ ಇಡುವುದಿಲ್ಲ. ಗುಡಿಸಲು ಒರೆಸಲು ಅಡ್ಡಿ, ಮುದುಕರಿಗೆ ದಾಟಲು ಕಷ್ಟ, ಮರದ ಬೆಲೆಯೂ ಹೆಚ್ಚು. ಚೌಕಟ್ಟಿಗೆ ಮೂರೇ ಕಡೆ ಮರ. ಮುಂಬಾಗಿಲಿಗೆ ಮತ್ತು ಪೂಜೆಯ ಕೋಣೆಗೆ ಮಾತ್ರ ಹೊಸ್ತಿಲು ಉಳಿದಿದೆ. ಅದು ಮಾಡುತ್ತಿದ್ದ ಗಡಿಯ ಕೆಲಸವನ್ನು ಮಿಕ್ಕ ಕಡೆಗಳಲ್ಲಿ ಈ ತೆಳು ಪಟ್ಟಿ ಮಾಡಬೇಕಾಗಿದೆ.

ನಡುಗೆರೆಯ ಮೋಸ

ಟೈಲ್ಸ್ ಹಾಸುವ ಹೊತ್ತಿಗೆ ಸಾಮಾನ್ಯವಾಗಿ ಚೌಕಟ್ಟು ನಿಂತಿರುತ್ತದೆ, ಕದ ಮಾತ್ರ ಬಂದಿರುವುದಿಲ್ಲ. ಕಣ್ಣಿಗೆ ಕಾಣುವುದು ಎರಡು ಕಂಬ ಮಾತ್ರ. ಪಟ್ಟಿ ಎಲ್ಲಿಗೆ ಎಂದರೆ ಚೌಕಟ್ಟಿನ ನಟ್ಟನಡುವೆಗೆ ಎಂದು ಯಾರಿಗಾದರೂ ಅನಿಸುತ್ತದೆ. ಮೋಸವಾಗುವುದು ಇಲ್ಲೇ.

ಕದ ಚೌಕಟ್ಟಿನ ನಡುವೆ ಕೂರುವುದಿಲ್ಲ. ಅದು ಕೂರಲು ಚೌಕಟ್ಟಿನ ಒಂದು ಅಂಚಿನಲ್ಲಿ ಮೆಟ್ಟಿಲಿನಂಥ ಕಚ್ಚು ಕೆತ್ತಿರುತ್ತಾರೆ. ಕದ ಯಾವ ಕಡೆಗೆ ತೆರೆದುಕೊಳ್ಳುತ್ತದೆಯೋ ಆ ಕಡೆಯ ಅಂಚಿನಲ್ಲಿ ಈ ಕಚ್ಚು. ಕೋಣೆಯ ಒಳಕ್ಕೆ ತೆರೆಯುವ ಬಾಗಿಲಾದರೆ ಮುಚ್ಚಿದ ಕದ ಚೌಕಟ್ಟಿನ ಒಳಮೈಗೆ ಸಮನಾಗಿ ಕೂರುತ್ತದೆ.

ಲೆಕ್ಕ ಹಾಕಿ ನೋಡೋಣ. ಚೌಕಟ್ಟಿನ ಮರ ನಾಲ್ಕಿಂಚು, ಅಂದರೆ ಸುಮಾರು 100 ಮಿ.ಮೀ. ಅಗಲ. ಕದದ ದಪ್ಪ 30 ಮಿ.ಮೀ. ಕೋಣೆಯ ಕಡೆಯ ಅಂಚನ್ನು ಸೊನ್ನೆ ಎಂದು ಗುರುತಿಸಿದರೆ ಕದ ಇರುವುದು ಸೊನ್ನೆಯಿಂದ 30ರವರೆಗೆ. ಚೌಕಟ್ಟಿನ ನಡುಗೆರೆ ಇರುವುದು 50ರಲ್ಲಿ. ಎರಡು ನೆಲಗಳನ್ನು 50ರಲ್ಲಿ ಸೇರಿಸಿದರೆ, 30ರಿಂದ 50ರವರೆಗಿನ 20 ಮಿ.ಮೀ. ಕೋಣೆಯ ನೆಲ ಮುಚ್ಚಿದ ಬಾಗಿಲಿನ ಹೊರಗೆ ಕಾಣುತ್ತದೆ. ಮೊದಲು ಹೇಳಿದ ಬನಿಯನ್ನು ಇದೇ. ಅದರ ಮೇಲೆ 40 ಮಿ.ಮೀ. ಅಗಲದ ಪಟ್ಟಿಯನ್ನು ನಡುಗೆರೆಗೆ ಸರಿಯಾಗಿ ಇಟ್ಟರೂ ಅದು 30ರಿಂದ 70ರವರೆಗೆ ಹರಡಿಕೊಳ್ಳುತ್ತದೆ. ಕದದ ಅಡಿಗೆ ಒಂದು ಕೂದಲೆಳೆಯಷ್ಟೂ ಸಿಗುವುದಿಲ್ಲ!

ಕದದ ನಡುಗೆರೆ ಇರುವುದು 15ರಲ್ಲಿ. ಪಟ್ಟಿ ಕದದಷ್ಟೇ ಅಗಲವಿದ್ದರೆ ಸೊನ್ನೆಯಿಂದ 30ರವರೆಗೆ ಸರಿಯಾಗಿ ಕೂರುತ್ತದೆ. ಪಟ್ಟಿ 40 ಮಿ.ಮೀ. ಇದ್ದರೆ ಎರಡೂ ಕಡೆ ಐದೈದು ಹಂಚುವ ಬದಲು, ಕೋಣೆಯ ಕಡೆ ಚೌಕಟ್ಟಿನ ಅಂಚಿಗೆ ಸಮನಾಗಿಟ್ಟು, ಮಿಕ್ಕ 10 ಮಿ.ಮೀ.ಯನ್ನು ನಡುಮನೆಯ ಕಡೆಗೆ ಬಿಡುವುದೇ ಅಂದ. ಆಗ ಪಟ್ಟಿ ಚೌಕಟ್ಟನ್ನು ದಾಟಿ ಕೋಣೆಯೊಳಕ್ಕೆ ಚಾಚಿಕೊಳ್ಳುವುದಿಲ್ಲ.

ಇನ್ನೊಂದು ಸಣ್ಣ ವಿಷಯವಿದೆ. ಕಚ್ಚು ಇರುವ ಕಡೆ ಎರಡು ಕಂಬಗಳ ನಡುವಿನ ಅಂತರ ಹೆಚ್ಚು. ಕಚ್ಚಿಲ್ಲದ ಕಡೆ ಕಡಿಮೆ. ಪ್ರತಿ ಕಂಬದಲ್ಲಿ 12 ಮಿ.ಮೀ. ಆಳ ಕೆತ್ತಿದ್ದರೆ ಒಟ್ಟು 24 ಮಿ.ಮೀ. ವ್ಯತ್ಯಾಸ. ಕಿರಿದಾದ ಕಡೆ ಅಳತೆ ತೆಗೆದು ಪಟ್ಟಿ ಕತ್ತರಿಸಿ ತಂದರೆ ಕದದ ಅಡಿಯಲ್ಲಿ ಎರಡು ತುದಿಗೂ ಒಂದೊಂದು ತೂತು ಉಳಿಯುತ್ತದೆ. ಅಂಥ ತೂತುಗಳಿಗೆ ಬಿಳಿ ಸಿಮೆಂಟು ಮೆತ್ತಿರುವುದನ್ನು, ಅದು ಆರು ತಿಂಗಳಲ್ಲಿ ಕಪ್ಪಾಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಅಳತೆಯನ್ನು ಕಚ್ಚಿನೊಳಗೇ ತೆಗೆಯಬೇಕು.

ಈ ರಗಳೆಯೇ ಬೇಡ ಎನ್ನುವವರಿಗೆ ಒಂದು ದಾರಿ ಉಂಟು. ಚೌಕಟ್ಟಿನ ಪೂರ್ತಿ ಅಗಲಕ್ಕೆ ಒಂದೇ ಗ್ರಾನೈಟ್ ಹಲಗೆ ಹಾಕಿದರೆ ಎರಡೂ ಕೋಣೆಗಳ ನೆಲ ಚೌಕಟ್ಟಿನ ಆಚೀಚೆಯೇ ನಿಂತುಬಿಡುತ್ತದೆ. ಕದ ಎಲ್ಲಿ ಕೂತರೂ ಕಲ್ಲಿನ ಮೇಲೆಯೇ. ಇದು ಹಳೆಯ ಹೊಸ್ತಿಲಿನ ತರ್ಕವೇ; ಎತ್ತರ ಮಾತ್ರ ಇಲ್ಲ. ಹೊಸದಾಗಿ ಮನೆ ಕಟ್ಟುವವರಿಗೆ ಇದಕ್ಕಿಂತ ನಿಶ್ಚಿಂತೆಯ ಉಪಾಯವಿಲ್ಲ. ಆದರೆ ಹಳೆಯ ಮನೆಯಲ್ಲಿ ಒಂದೇ ಕೋಣೆಗೆ ಹೊಸ ನೆಲ ಹಾಕಿಸುವವರಿಗೆ, ಮರದ ಹಲಗೆಯಂಥ ಲ್ಯಾಮಿನೇಟ್ ಹಾಸುವವರಿಗೆ ಕಿರಿದಾದ ಪಟ್ಟಿಯೇ ಗತಿ. ಅವರಿಗೆ ಮೇಲಿನ ಲೆಕ್ಕ ಬೇಕೇ ಬೇಕು.

ನೆಲ ಹಿಗ್ಗಿದಾಗ

ಎರಡೂ ಕೋಣೆಗೆ ಒಂದೇ ಟೈಲ್ಸ್ ಹಾಕಿದರೆ ಪಟ್ಟಿ ಏಕೆ, ನೇರವಾಗಿ ಎಳೆದುಕೊಂಡು ಹೋಗಬಾರದೆ? ಹೋಗಬಹುದು. ನೋಡಲು ವಿಶಾಲವಾಗಿಯೂ ಕಾಣುತ್ತದೆ. ಆದರೆ ನೆಲ ಸುಮ್ಮನಿರುವುದಿಲ್ಲ. ಒಂದು ಮೀಟರ್ ಉದ್ದದ ವಿಟ್ರಿಫೈಡ್ ಟೈಲ್ಸ್ ಸಾಲು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮಿಲಿಮೀಟರಿನ ಸಾವಿರದಲ್ಲಿ ಸುಮಾರು 7 ಭಾಗ ಹಿಗ್ಗುತ್ತದೆ. ಅಲ್ಯೂಮಿನಿಯಮ್ ಆದರೆ 23 ಭಾಗ. ಆರು ಮೀಟರ್ ಉದ್ದದ ಹಾಲ್, ಜನವರಿಯ ಮುಂಜಾನೆಗೂ ಏಪ್ರಿಲ್ ಮಧ್ಯಾಹ್ನದ ಬಿಸಿಲು ಬಿದ್ದ ನೆಲಕ್ಕೂ 20 ಡಿಗ್ರಿ ಅಂತರ ಎಂದು ಹಿಡಿದರೆ ಹಿಗ್ಗುವಿಕೆ ಸುಮಾರು 0.84 ಮಿ.ಮೀ. ಇಷ್ಟೇನಾ ಎಂದು ನಗಬೇಡಿ. ಕೆಳಗಿನ ಕಾಂಕ್ರೀಟು ವರ್ಷಗಳುದ್ದಕ್ಕೂ ಒಣಗುತ್ತ ಕುಗ್ಗುತ್ತಿರುತ್ತದೆ. ಮೇಲಿನ ಟೈಲ್ಸು ಹಿಗ್ಗುತ್ತದೆ. ಗೋಡೆಯಿಂದ ಗೋಡೆಗೆ ಸಂದೇ ಇಲ್ಲದಂತೆ ಒತ್ತಿ ಕೂರಿಸಿದ್ದರೆ ಹೋಗಲು ಜಾಗವಿಲ್ಲದೆ ಒಂದು ದಿನ ಎರಡು ಸಾಲುಗಳು ಗುಡಾರದಂತೆ ಮೇಲೆದ್ದುಬಿಡುತ್ತವೆ. ಮಧ್ಯರಾತ್ರಿ ಪಟಾಕಿ ಹೊಡೆದಂತೆ ಸದ್ದು ಕೇಳಿ ಮನೆಯವರು ಎದ್ದು ಕೂರುವುದು ಹೀಗೆ. ದೆವ್ವವೂ ಅಲ್ಲ, ಭೂಕಂಪವೂ ಅಲ್ಲ.

ಬಾಗಿಲಿನ ಜಾಗ ಎಂದರೆ ಎರಡು ದೊಡ್ಡ ಹಾಸುಗಳು ಕಿರಿದಾದ ಕುತ್ತಿಗೆಯಲ್ಲಿ ಕೂಡುವ ತಾಣ. ಅಲ್ಲಿ ಒಂದು ಬಿಡುವು ಕೊಟ್ಟರೆ ಪ್ರತಿ ಕೋಣೆಯ ನೆಲವೂ ತನ್ನಷ್ಟಕ್ಕೆ ಹಿಗ್ಗಿ ಕುಗ್ಗಬಹುದು. ಪಟ್ಟಿ ಆ ಬಿಡುವನ್ನು ಮುಚ್ಚುವ ಟೋಪಿ. ಹಳೆಯ ಶಾಲೆ, ಬ್ಯಾಂಕುಗಳ ಮೊಸಾಯಿಕ್ ನೆಲದಲ್ಲಿ ಗಾಜಿನ ತೆಳು ಪಟ್ಟಿಗಳ ಚೌಕಗಳನ್ನು ನೀವು ನೋಡಿರಬಹುದು. ಸಿಮೆಂಟು ಒಣಗಿ ಕುಗ್ಗಿದಾಗ ಬಿರುಕು ಎಲ್ಲೆಂದರಲ್ಲಿ ಓಡಾಡದಿರಲಿ ಎಂದು ನೆಲವನ್ನು ಹೀಗೆ ತುಂಡುತುಂಡಾಗಿಸಿದ್ದು ಅದೇ ಬುದ್ಧಿವಂತಿಕೆ.

ಲ್ಯಾಮಿನೇಟಿಗಂತೂ ಇದು ಕಡ್ಡಾಯ. ಅದು ಮರದ ನಾರನ್ನು ಒತ್ತಿ ಮಾಡಿದ್ದು. ಶಾಖಕ್ಕಿಂತ ತೇವಕ್ಕೆ ಹೆಚ್ಚು ಹಿಗ್ಗುತ್ತದೆ. ಮಂಗಳೂರಿನ ಜುಲೈ ತಿಂಗಳ ಗಾಳಿಯಲ್ಲಿ ಅದರ ವರ್ತನೆಯೇ ಬೇರೆ, ಕಲಬುರಗಿಯ ಏಪ್ರಿಲ್ಲಿನಲ್ಲೇ ಬೇರೆ. ಗೋಡೆಯ ಸುತ್ತ 8ರಿಂದ 10 ಮಿ.ಮೀ. ಸಂದು ಬಿಡುತ್ತಾರೆ, ಬಾಗಿಲಿನಲ್ಲೂ ಬಿಡಬೇಕು. ಅದನ್ನು ಮುಚ್ಚುವ ಪಟ್ಟಿಯನ್ನು ಕೆಳಗಿನ ಗಟ್ಟಿ ನೆಲಕ್ಕೆ ಬಿಗಿಯಬೇಕೇ ಹೊರತು ಲ್ಯಾಮಿನೇಟಿಗೆ ಮೊಳೆ ಹೊಡೆಯಬಾರದು. ಹೊಡೆದರೆ ಅದರ ಅಲುಗಾಟವನ್ನೇ ಕಟ್ಟಿಹಾಕಿದಂತೆ, ಬಿಡುವು ಬಿಟ್ಟದ್ದೂ ವ್ಯರ್ಥ.

ಎಡವುವುದು ಯಾವುದನ್ನು?

ಪಟ್ಟಿ ಎಲ್ಲಿ ಎಂಬುದಾಯಿತು. ಎಷ್ಟು ಎತ್ತರ ಎಂಬುದು ಇನ್ನೂ ಮುಖ್ಯ.

ನಾಲ್ಕಿಂಚು ಎತ್ತರದ ಹೊಸ್ತಿಲಿಗಿಂತ ಅರ್ಧ ಇಂಚಿನ ಪಟ್ಟಿಯೇ ಹೆಚ್ಚು ಅಪಾಯ ಎಂದರೆ ಆಶ್ಚರ್ಯವಾಗಬಹುದು. ನಡೆಯುವಾಗ ನಾವು ಕಾಲನ್ನು ಬಹಳ ಎತ್ತುತ್ತೇವೆ ಎಂದುಕೊಂಡಿದ್ದೇವೆ. ನಿಜಕ್ಕೂ ಹೆಜ್ಜೆ ಮುಂದಕ್ಕೆ ಬೀಸುವಾಗ, ಪಾದ ಹೆಚ್ಚುಕಡಿಮೆ ಅತಿ ವೇಗದಲ್ಲಿರುವ ಗಳಿಗೆಯಲ್ಲೇ, ಕಾಲಿನ ತುದಿ ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲಷ್ಟೇ ಹಾದುಹೋಗುತ್ತದೆ. ಸಮತಟ್ಟಾದ ನೆಲಕ್ಕೆ ಅಷ್ಟು ಸಾಕು; ಅನಗತ್ಯವಾಗಿ ಎತ್ತಿ ಶಕ್ತಿ ವ್ಯಯಿಸುವುದೇಕೆ ಎಂಬುದು ದೇಹದ ಜಿಪುಣತನ. ದೊಡ್ಡ ಹೊಸ್ತಿಲು ಕಣ್ಣಿಗೆ ಬೀಳುತ್ತದೆ, ಕಾಲು ತಾನಾಗಿ ಮೇಲೇಳುತ್ತದೆ. 15 ಮಿ.ಮೀ.ಯ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ, ಹೆಬ್ಬೆರಳಿಗೆ ಮಾತ್ರ ಸಿಗುತ್ತದೆ. ವಯಸ್ಸಾದವರಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ಈ ಅಂತರ ಏರುಪೇರಾಗುವುದರಿಂದ ಅವರಿಗೆ ಅಪಾಯ ಹೆಚ್ಚು. ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೊರಟ ಅಜ್ಜಿ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆ ಮನೆಯ ದಿನಚರಿಯೇ ತಿಂಗಳುಗಟ್ಟಲೆ ಬದಲಾಗುತ್ತದೆ.

ಈ 15 ಮಿ.ಮೀ. ಸುಮ್ಮನೆ ಹೇಳಿದ ಸಂಖ್ಯೆಯಲ್ಲ. ಹಳೆಯ ಕಾವಿ ನೆಲವನ್ನು ಒಡೆಯದೆ ಅದರ ಮೇಲೆಯೇ ಟೈಲ್ಸ್ ಅಂಟಿಸುವುದು ಈಗ ವಾಡಿಕೆ. ಟೈಲ್ಸಿನ ದಪ್ಪ 8ರಿಂದ 10 ಮಿ.ಮೀ., ಅಂಟಿನದು ಇನ್ನು ಮೂರರಿಂದ ಐದು. ಕೂಡಿದರೆ ಸರಿಯಾಗಿ ಎಡವಿಸುವ ಎತ್ತರ! ಒಂದೇ ಕೋಣೆಗೆ ಹೀಗೆ ಮಾಡಿಸಿದವರ ಮನೆಯಲ್ಲಿ ಬಾಗಿಲಿನ ಬಳಿ ಒಂದು ಪುಟ್ಟ ಮೆಟ್ಟಿಲು ಹುಟ್ಟಿಕೊಳ್ಳುತ್ತದೆ. ಅಲ್ಲಿ ಚಪ್ಪಟೆ ಪಟ್ಟಿಯಿಂದ ಪ್ರಯೋಜನವಿಲ್ಲ. ಇಳಿಜಾರಾದ ಪಟ್ಟಿ ಬೇಕು. ಅಂಗವಿಕಲರಿಗೆ ಅನುಕೂಲವಾಗುವ ಕಟ್ಟಡಗಳ ಮಾರ್ಗಸೂಚಿಗಳು ಬಾಗಿಲಿನ ಅಡಿಯ ಎತ್ತರಕ್ಕೆ ಹಾಕಿರುವ ಮಿತಿ ಸುಮಾರು 12 ಮಿ.ಮೀ., ಅದಕ್ಕೂ ಅಂಚನ್ನು ಇಳಿಜಾರಾಗಿ ತೀಡಿರಬೇಕು. ಅಮೆರಿಕದ ನಿಯಮದಲ್ಲಿ ಈ ಇಳಿಜಾರು ಒಂದಕ್ಕೆ ಎರಡು: ಒಂದು ಪಾಲು ಏರಲು ಕನಿಷ್ಠ ಎರಡು ಪಾಲು ಉದ್ದ. 12 ಮಿ.ಮೀ. ಏರಲು 24 ಮಿ.ಮೀ. ಬೇಕು.

ಗಾಲಿಕುರ್ಚಿ ಇರುವ ಮನೆಯಲ್ಲಿ ಈ ಅಂಕಿ ಏಕೆ ಮುಖ್ಯ ಎಂಬುದನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೇ ಪೈಥಾಗೊರಸ್ ಪ್ರಮೇಯದಿಂದ ಕಂಡುಕೊಳ್ಳಬಹುದು. ಕುರ್ಚಿಯ ಮುಂದಿನ ಪುಟ್ಟ ಚಕ್ರದ ತ್ರಿಜ್ಯ 75 ಮಿ.ಮೀ. ಇರಲಿ, ಪಟ್ಟಿ ನೇರ ಅಂಚಿನದು, ಎತ್ತರ 12 ಮಿ.ಮೀ. ಚಕ್ರದ ನಡುಬಿಂದು ಪಟ್ಟಿಯ ಅಂಚಿಗಿಂತ 75 ಕಳೆ 12, ಅಂದರೆ 63 ಮಿ.ಮೀ. ಮೇಲಿದೆ. ಅಂಚಿನಿಂದ ಅದರ ಅಡ್ಡ ದೂರ 75ರ ವರ್ಗದಿಂದ 63ರ ವರ್ಗ ಕಳೆದು ವರ್ಗಮೂಲ ತೆಗೆದರೆ ಸುಮಾರು 41. ಚಕ್ರವನ್ನು ಹತ್ತಿಸಲು ಮುಂದಕ್ಕೆ ತಳ್ಳಬೇಕಾದ ಬಲ ಅದರ ಮೇಲಿನ ಹೊರೆಯ 41 ಭಾಗಿಸು 63ರಷ್ಟು, ಅಂದರೆ ಸುಮಾರು ಶೇಕಡ 65. ಅದೇ ಪಟ್ಟಿ ಒಂದಿಂಚು, 25 ಮಿ.ಮೀ. ಇದ್ದರೆ? ಈಗ ಮೇಲಿನ ದೂರ 50, ಅಡ್ಡ ದೂರ ಸುಮಾರು 56. ಹೊರೆಗಿಂತಲೂ ಹೆಚ್ಚು ಬಲ ಬೇಕು! ಕುರ್ಚಿಯಲ್ಲಿ ಕುಳಿತವರು ತಾವೇ ಚಕ್ರ ತಿರುಗಿಸಿಕೊಂಡು ಒಳಹೋಗುವುದಕ್ಕೂ, ಯಾರನ್ನಾದರೂ ಕರೆದು ಎತ್ತಿಸಿಕೊಳ್ಳುವುದಕ್ಕೂ ನಡುವೆ ಇರುವುದು ಅರ್ಧ ಇಂಚು.

ಹಾಗಾದರೆ ಪಟ್ಟಿಯನ್ನು ನೆಲಕ್ಕೆ ಪೂರ್ತಿ ಸಮನಾಗಿಟ್ಟರಾಯಿತಲ್ಲ ಎನ್ನಬಹುದು. ಆಗಬಹುದು, ಅದೇ ಎಲ್ಲಕ್ಕಿಂತ ಕ್ಷೇಮ. ಮೂರ್ನಾಲ್ಕು ಮಿಲಿಮೀಟರ್ ಉಬ್ಬಿಗೂ ಒಂದು ಲಾಭವುಂಟು ಎಂಬುದನ್ನು ಮಾತ್ರ ಹೇಳಬೇಕು. ಕದ ತೆರೆದು ಕಾಲು ವೃತ್ತ ಸುತ್ತುವಾಗ ದಾರಿಯಲ್ಲೆಲ್ಲೂ ನೆಲಕ್ಕೆ ತಾಗಬಾರದು. ನೆಲದಲ್ಲಿ ಅಲ್ಪಸ್ವಲ್ಪ ಏರುತಗ್ಗು ಇದ್ದೇ ಇರುತ್ತದೆ. ಅದಕ್ಕಾಗಿ ಕೆಳಗೆ 10 ಮಿ.ಮೀ. ಬಿಟ್ಟರು ಎನ್ನಿ. ಕದದ ಅಗಲ 800 ಮಿ.ಮೀ. ಆದರೆ ಆ ಸಂದಿನ ವಿಸ್ತೀರ್ಣ 80 ಚದರ ಸೆಂಟಿಮೀಟರ್, ಅಂದರೆ ಸುಮಾರು 9 ಸೆಂ.ಮೀ. ಚೌಕದ ತೂತು ಕೊರೆದಂತೆ. ಮಗ ಪರೀಕ್ಷೆಗೆ ಓದುತ್ತಿದ್ದಾನೆಂದು ಬಾಗಿಲು ಮುಚ್ಚಿ ಹೊರಗೆ ಟಿ.ವಿ. ನೋಡುವ ಅಪ್ಪ ಅಮ್ಮಂದಿರು ಈ ತೂತನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ! ಕದದ ಅಡಿಯಲ್ಲೇ ಪಟ್ಟಿ 4 ಮಿ.ಮೀ. ಎದ್ದಿದ್ದರೆ ಮುಚ್ಚಿದಾಗ ಸಂದು 6 ಮಿ.ಮೀ.ಗೆ ಇಳಿಯುತ್ತದೆ, ತೆರೆದಾಗ ಕದಕ್ಕೆ 10 ಮಿ.ಮೀ. ಇದ್ದೇ ಇರುತ್ತದೆ. ಪಟ್ಟಿ ಕದದ ಅಡಿಯಿಂದ ಜರುಗಿದ್ದರೆ ಈ ಲಾಭವಿಲ್ಲ, ಎಡವುವ ಉಬ್ಬು ಮಾತ್ರ ಉಳಿಯಿತು. ಅಂಚು ತೀಡಿದ, ನೆಲಕ್ಕಿಂತ ಬೇರೆ ಬಣ್ಣದ ಪಟ್ಟಿಯಾದರೆ ಕಣ್ಣು ಮಂದವಾದವರಿಗೂ ಕಾಣುತ್ತದೆ.

ಮಳೆಗಾಲದಲ್ಲಿ ಕದ ಪಟ್ಟಿಗೆ ತಿಕ್ಕತೊಡಗಿದರೆ ‘ಮರ ಉಬ್ಬಿ ಉದ್ದವಾಯಿತು’ ಎನ್ನುವುದು ರೂಢಿ. ಮರ ತೇವಕ್ಕೆ ಹಿಗ್ಗುವುದು ಅಡ್ಡಕ್ಕೆ. ನಾರಿನ ಉದ್ದಕ್ಕೆ ಹಿಗ್ಗುವುದು ತೀರ ಅತ್ಯಲ್ಪ. ಹೀಗಾಗಿ ಕದ ಪಕ್ಕದ ಚೌಕಟ್ಟಿಗೆ ತಿಕ್ಕಬಹುದು. ಕೆಳಗೆ ತಿಕ್ಕಿದರೆ ಮೊದಲು ಮೇಲಿನ ಹಿಂಜಿನ ತಿರುಪು ಸಡಿಲವಾಗಿದೆಯೇ ನೋಡಿ. ಪಟ್ಟಿ ಕೀಳಿಸುವ ಮುನ್ನ ತಿರುಪು ಬಿಗಿಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಬಚ್ಚಲ ಬಾಗಿಲು

ಇಲ್ಲಿ ಲೆಕ್ಕ ಸ್ವಲ್ಪ ಬೇರೆ. ಬಣ್ಣಕ್ಕಿಂತ ನೀರು ಮುಖ್ಯ. ಬಚ್ಚಲ ನೆಲ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿರಬೇಕು. ಆ ತಗ್ಗು ಪಟ್ಟಿಯ ಬಚ್ಚಲ ಕಡೆಯ ಅಂಚಿನಲ್ಲಿ ಬರಬೇಕು. ಚೌಕಟ್ಟಿನ ಪೂರ್ತಿ ಅಗಲದ ಗ್ರಾನೈಟನ್ನು ಬಚ್ಚಲ ಕಡೆಗೆ ಕೊಂಚ ವಾಲಿಸಿ ಕೂರಿಸುವುದು ಒಳ್ಳೆಯದು. ಬಾಗಿಲು ಹೊರಕ್ಕೆ ತೆರೆಯುವುದಾದರೆ ಕದ ಕೋಣೆಯ ಕಡೆ ಕೂರುತ್ತದೆ, ಅದರ ಒಳಗಡೆ ಪಟ್ಟಿಯ ಮೇಲೆ ನೀರು ನಿಂತು ಕದದ ಬುಡ ಕೊಳೆಯುತ್ತದೆ. ಅಲ್ಲಿ ಈ ವಾಲು ಇನ್ನೂ ಅಗತ್ಯ. ಪಟ್ಟಿಯ ಕೆಳಗೂ ನೀರು ಸೋರದ ಲೇಪ ಹಾದುಹೋಗಿರಬೇಕು. ಇಲ್ಲದಿದ್ದರೆ ಸ್ಪಂಜು ನೀರು ಹೀರುವಂತೆ ಸಿಮೆಂಟು ನೀರನ್ನು ಹೀರಿ ಆಚೆಯ ಕೋಣೆಗೆ ದಾಟಿಸುತ್ತದೆ.

ಜಿರಳೆ ಬರುತ್ತದೆಂದು ಬಚ್ಚಲ ಕದದ ಅಡಿಗೆ ರಬ್ಬರ್ ಹಚ್ಚಿ ಗಾಳಿಯಾಡದಂತೆ ಮಾಡುವವರಿದ್ದಾರೆ. ಒಳಗೆ ಗ್ಯಾಸ್ ಗೀಸರ್ ಇದ್ದರೆ ಇದು ಪ್ರಾಣಾಪಾಯ. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಿಗೆ ಸಿಕ್ಕವರಿಗೆ ಎಚ್ಚರವೂ ಆಗುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಬಾಗಿಲ ಕೆಳಗೆ ಸಂದು ಬಿಟ್ಟಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲ. ಗ್ಯಾಸ್ ಗೀಸರಿನ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ.

ಗುರುತು ಹಾಕುವ ದಿನ

ಟೈಲ್ಸ್ ಕೆಲಸ ಶುರುವಾಗುವ ದಿನ ಮನೆಯವರು ಅಲ್ಲಿರಬೇಕು. ಕದ ಎತ್ತ ತೆರೆಯುತ್ತದೆ ಎಂಬುದು ಆ ಹೊತ್ತಿಗೆ ತೀರ್ಮಾನವಾಗಿರಬೇಕು. ಆಮೇಲೆ ಬಡಗಿ ಹಿಂಜನ್ನು ಆಚೆ ಕಡೆಗೆ ಬದಲಾಯಿಸಿದರೆ ಪಟ್ಟಿ ಚೌಕಟ್ಟಿನ ಇನ್ನೊಂದು ಅಂಚಿನಲ್ಲಿರಬೇಕಾಗುತ್ತದೆ. ಕದದಷ್ಟೇ ದಪ್ಪದ ಮರದ ಎರಡು ತುಂಡುಗಳನ್ನು ಬಡಗಿಯಿಂದ ಇಸಿದುಕೊಂಡು, ಎರಡೂ ಕಂಬಗಳ ಕಚ್ಚಿನ ಬುಡದಲ್ಲಿ ಒಂದೊಂದನ್ನು ನಿಲ್ಲಿಸಿ. ಅವುಗಳ ಎರಡೂ ಮುಖಗಳಿಂದ ದಾರ ಎಳೆದು ನೆಲದ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಹಾಕಿ. ಮುಚ್ಚಿದ ಕದದ ನೆರಳು ಅದು. ಪಟ್ಟಿಯನ್ನು ಸಿಮೆಂಟಿಲ್ಲದೆ ಆ ಗೆರೆಗಳ ನಡುವೆ ಇಟ್ಟು, ಎರಡೂ ಕಡೆ ಒಂದೊಂದು ಟೈಲ್ಸನ್ನು ತಾಗಿಸಿ, ರಸಮಟ್ಟ ಇಟ್ಟು ಎತ್ತರ ನೋಡಿ. ತುದಿಗಳು ಕಚ್ಚಿನೊಳಕ್ಕೆ ತಲುಪಿವೆಯೇ ಎಂದು ಬಗ್ಗಿ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೊಮ್ಮೆ ಅಲ್ಲಿ ದಾಟಿಸಿ, ಕಾಲಿಗೆ ತಾಗುತ್ತದೆಯೇ ಕೇಳಿ. ಆಮೇಲೆ ಸಿಮೆಂಟು ಕಲಸಲು ಹೇಳಿ.